ಕೈಸಾಲ, ಸಂಘ, ಕಾರ್ಡು, ಒಡವೆ: ಯಾವ ಸಾಲ ಮೊದಲು ತೀರಿಸೋದು?

ನಮ್ಮೂರು ಕೋಲಾರ ತಾಲ್ಲೂಕಿನ ವೇಮಗಲ್ ಹತ್ತಿರ. ನಮ್ಮನೆಯವರು ನರಸಾಪುರದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಾರೆ. ಮನೆಯಲ್ಲಿ ಎರಡು ಸೀಮೆ ಹಸು ಇವೆ. ಮಳೆ ಬಂದರೆ ರಾಗಿ, ಬೋರ್‌ವೆಲ್‌ನಲ್ಲಿ ನೀರಿದ್ದರೆ ಟೊಮೆಟೊ. ಎರಡು ವರ್ಷದ ಹಿಂದೆ ಒಂದು ಭಾನುವಾರ ಇಬ್ಬರೂ ಕೂತು ಮನೆಯ ಸಾಲವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದೆವು. ಮೂರು ಸಾಲ ಇದೆ ಅಂದುಕೊಂಡು ಬರೆಯೋಕೆ ಕೂತವಳು ನಾನು. ಬರೆದು ಮುಗಿಸುವ ಹೊತ್ತಿಗೆ ಆರಾಗಿತ್ತು. ಕ್ರೆಡಿಟ್ ಕಾರ್ಡಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಆ ದಿನದ ಜಗಳ ಇಲ್ಲಿ ಬೇಡ ಬಿಡಿ.

ಆ ಆರು ಸಾಲ ಹೀಗಿದ್ದವು. ಊರಿನವರೊಬ್ಬರ ಹತ್ತಿರ ತಂದ ಕೈಸಾಲ 50,000. ಕಾರ್ಡಿನಲ್ಲಿ 18,000. ವಾರದ ಸಂಘದಲ್ಲಿ (ಮೈಕ್ರೋಫೈನಾನ್ಸ್ ಕಂಪನಿಯವರ ಗುಂಪು ಸಾಲ) ತೆಗೆದ 40,000, ಅದರಲ್ಲಿ ಇನ್ನೂ 20 ವಾರ ಕಟ್ಟುವುದು ಬಾಕಿ. ಫೋನಿನ ಕಂತು ಮೂರು ತಿಂಗಳದ್ದು. ಬ್ಯಾಂಕಿನಲ್ಲಿ ಒಡವೆ ಇಟ್ಟು ತಂದ 60,000. ಸೊಸೈಟಿಯ ಬೆಳೆ ಸಾಲ ಒಂದು ಲಕ್ಷ. ನಿಮ್ಮ ಮನೆಯ ಪಟ್ಟಿ ಬೇರೆ ಇರಬಹುದು. ಆದರೆ ಈ ಕಡೆಯ ಹಳ್ಳಿಗಳಲ್ಲಿ ಈ ಆರರಲ್ಲಿ ಮೂರಾದರೂ ಇಲ್ಲದ ಮನೆ ನಾನು ಕಂಡಿಲ್ಲ.

ಎಲ್ಲರದ್ದೂ ಬೇರೆ ಬೇರೆ ಭಾಷೆ

ಯಾವ ಸಾಲ ಕೆಟ್ಟದ್ದು ಅಂತ ಹೋಲಿಸೋಕೆ ಹೊರಟರೆ ಮೊದಲ ತೊಡಕು ಇದು. ಕೈಸಾಲ ಕೊಟ್ಟವರು "ಮೂರು ರೂಪಾಯಿ ಬಡ್ಡಿ" ಅನ್ನುತ್ತಾರೆ. ಬ್ಯಾಂಕಿನವರು "ಒಂಬತ್ತೂವರೆ ಪರ್ಸೆಂಟ್" ಅನ್ನುತ್ತಾರೆ. ಸಂಘದವರು ಬಡ್ಡಿಯ ಮಾತೇ ಎತ್ತುವುದಿಲ್ಲ, "ವಾರಕ್ಕೆ 896" ಅಷ್ಟೇ. ಕಾರ್ಡಿನ ಬಿಲ್ಲಿನಲ್ಲಿ ಮಿನಿಮಮ್ ಡ್ಯೂ, ಅಂದರೆ ಈ ತಿಂಗಳು ಕಡಿಮೆ ಅಂದರೂ ಕಟ್ಟಬೇಕಾದದ್ದು, 900 ಎಂದು ಇರುತ್ತದೆ. ಫೋನ್ ಅಂಗಡಿಯವನದ್ದು ಜೀರೋ! ಕಿವಿಗೆ ಬಿದ್ದ ಹಾಗೇ ಹೋಲಿಸಿದರೆ ಬ್ಯಾಂಕಿನ ಒಂಬತ್ತೂವರೆಯೇ ಎಲ್ಲಕ್ಕಿಂತ ದುಬಾರಿ ಅನಿಸುತ್ತದೆ. ನಮ್ಮ ಅತ್ತೆ ಇವತ್ತಿಗೂ ಹಾಗೇ ಹೇಳುತ್ತಾರೆ.

ಅದಕ್ಕೆ ಎಲ್ಲವನ್ನೂ ಒಂದೇ ಅಳತೆಗೆ ತರಬೇಕು: ನೂರು ರೂಪಾಯಿ ಒಂದು ವರ್ಷ ನಮ್ಮ ಕೈಯಲ್ಲಿದ್ದರೆ ಎಷ್ಟು ಬಡ್ಡಿ? ಕೈಸಾಲದ ಲೆಕ್ಕ ಸುಲಭ. ತಿಂಗಳಿಗೆ ಮೂರು, ವರ್ಷಕ್ಕೆ 36. ಐವತ್ತು ಸಾವಿರಕ್ಕೆ ತಿಂಗಳಿಗೆ 1,500 ಕೊಡುತ್ತಿದ್ದೆವು. ಎಷ್ಟು ತಿಂಗಳು ಕೊಟ್ಟರೂ ಅಸಲು ಐವತ್ತೇ.

ಸಂಘದ ಲೆಕ್ಕದಲ್ಲಿ ಸ್ವಲ್ಪ ಆಟ ಇದೆ. ನಲವತ್ತು ಸಾವಿರ ಕೊಟ್ಟು 50 ವಾರ 896 ಕಟ್ಟಿಸಿಕೊಂಡರೆ ಒಟ್ಟು 44,800. ಬಡ್ಡಿ 4,800. ನಲವತ್ತು ಸಾವಿರಕ್ಕೆ 4,800 ಅಂದರೆ ನೂರಕ್ಕೆ ಹನ್ನೆರಡು, ಅಂದರೆ ಒಂದು ರೂಪಾಯಿ ಬಡ್ಡಿ. ಪರವಾಗಿಲ್ಲ ಅನಿಸುತ್ತದೆ, ಅಲ್ವಾ? ಆದರೆ ಆ ನಲವತ್ತು ಸಾವಿರ ವರ್ಷಪೂರ್ತಿ ನಮ್ಮ ಹತ್ತಿರ ಇರುವುದಿಲ್ಲ. ಮೊದಲ ವಾರ 40,000 ಇರುತ್ತದೆ, ಕೊನೆಯ ವಾರ ಸಾವಿರವೂ ಇರುವುದಿಲ್ಲ. ಸರಾಸರಿ ಹಿಡಿದರೆ ನಾವು ಬಳಸಿದ್ದು ಇಪ್ಪತ್ತು ಸಾವಿರ ಮಾತ್ರ. ಇಪ್ಪತ್ತು ಸಾವಿರಕ್ಕೆ 4,800 ಅಂದರೆ ನೂರಕ್ಕೆ 24. ಕಂತಿನಲ್ಲಿ ತೀರುವ ಯಾವ ಸಾಲಕ್ಕೂ ಈ ಉಪಾಯ ಸಾಕು: ಒಟ್ಟು ಬಡ್ಡಿಯನ್ನು ಸಾಲದ ಅರ್ಧಕ್ಕೆ ಹೋಲಿಸಿ, ಬಂದದ್ದನ್ನು ಒಂದು ವರ್ಷದ ಲೆಕ್ಕಕ್ಕೆ ತಂದು ನೋಡಿ. ಪೈಸೆ ಲೆಕ್ಕಕ್ಕೆ ಸರಿಹೋಗದಿದ್ದರೂ ಮೋಸ ಹೋಗದಿರಲು ಸಾಕು. ಜೊತೆಗೆ ಪ್ರೊಸೆಸಿಂಗ್ ಫೀ, ಇನ್ಶೂರೆನ್ಸ್ ಅಂತ ಮೊದಲೇ ಎಷ್ಟು ಹಿಡಿದುಕೊಂಡರು ಅಂತಲೂ ಕೇಳಿ. ಇದನ್ನೆಲ್ಲ ಸೇರಿಸಿದ ವಾರ್ಷಿಕ ದರವನ್ನು ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಎಂಬ ಹಾಳೆಯಲ್ಲಿ ಬರೆದು ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕ್ ನಿಯಮ. ಹಾಳೆಯಲ್ಲಿ ಎಪಿಆರ್ ಎಂದಿರುವ ಅಂಕಿಯೇ ಅದು. ಹಾಳೆ ನಮಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು.

ಫೋನಿನ ಜೀರೋ ಬಡ್ಡಿಯನ್ನೂ ಬಿಚ್ಚಿ ನೋಡಿದೆ. ಕಂತಿನಲ್ಲಿ 12,000. ಅದೇ ಫೋನು ನಗದಿಗೆ ಪಕ್ಕದ ಅಂಗಡಿಯಲ್ಲಿ 11,200. ಮೇಲೆ 399 ಪ್ರೊಸೆಸಿಂಗ್ ಫೀ. ಆರು ತಿಂಗಳಿಗೆ ಹೆಚ್ಚಿಗೆ ಹೋದದ್ದು 1,199. ವರ್ಷದ ಲೆಕ್ಕಕ್ಕೆ ತಂದರೆ ಕೈಸಾಲದ ಪಕ್ಕದಲ್ಲೇ ಹೋಗಿ ನಿಲ್ಲುತ್ತದೆ.

ನನಗೆ ನಿಜಕ್ಕೂ ತಲೆ ಬಿಸಿಯಾದದ್ದು ಕಾರ್ಡು. ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ, ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಹದಿನೆಂಟು ಸಾವಿರಕ್ಕೆ 630 ಬಡ್ಡಿ, 113 ತೆರಿಗೆ, ಒಟ್ಟು 743. ನಮ್ಮನೆಯವರು ತಪ್ಪದೆ 900 ಮಿನಿಮಮ್ ಕಟ್ಟುತ್ತಿದ್ದರು. ಅಂದರೆ ಅಸಲಿಗೆ ಹೋಗುತ್ತಿದ್ದದ್ದು 157 ರೂಪಾಯಿ! ಮಧ್ಯದಲ್ಲಿ ಒಂದು ಸಲ ಪೆಟ್ರೋಲ್ ಹಾಕಿಸಿದರೆ ಅದೂ ಇಲ್ಲ. ಊರಲ್ಲಿ ಬಡ್ಡಿಗೆ ಕೊಡುವವರನ್ನು ಎಲ್ಲರೂ ಬೈಯುತ್ತೇವೆ. ಜೇಬಿನಲ್ಲಿರುವ ಪ್ಲಾಸ್ಟಿಕ್ ಅವರಿಗಿಂತ ಜಾಸ್ತಿ ಕೀಳುತ್ತದೆ ಅನ್ನೋದು ನಮಗೆ ಕಾಣಿಸುವುದೇ ಇಲ್ಲ. ಪೂರ್ತಿ ಬಿಲ್ಲನ್ನು ಗಡುವಿನೊಳಗೆ ಕಟ್ಟಿದರೆ ಬಡ್ಡಿ ಸೊನ್ನೆ, ಅದು ನಿಜ. ಮಿನಿಮಮ್ ಮಾತ್ರ ಕಟ್ಟುವ ಮನೆಗೆ ಕಾರ್ಡು ಬೇಡ.

ಒಡವೆ ಸಾಲ ನಮ್ಮ ಬ್ಯಾಂಕಿನಲ್ಲಿ ವರ್ಷಕ್ಕೆ ಒಂಬತ್ತೂವರೆ. ಸೊಸೈಟಿಯದ್ದು ಗಡುವಿನೊಳಗೆ ಕಟ್ಟಿದರೆ ಸೊನ್ನೆ. ರಾಜ್ಯದಲ್ಲಿ ಸಹಕಾರ ಸಂಘಗಳ ಬಡ್ಡಿ ಇಲ್ಲದ ಬೆಳೆ ಸಾಲದ ಮಿತಿಯನ್ನು 2023ರ ಬಜೆಟ್ಟಿನಲ್ಲಿ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದರು. ಲೋನ್ ಆ್ಯಪ್‌ಗಳನ್ನು ಈ ಹೋಲಿಕೆಗೆ ನಾನು ತರುವುದೇ ಇಲ್ಲ. ಇನ್‌ಸ್ಟಾಲ್ ಮಾಡಬೇಡಿ, ಮಾಡಿದ್ದರೆ ತೆಗೆದು ಹಾಕಿ.

ಬಿಸಿಯದ್ದು ಮೊದಲೋ, ಚಿಕ್ಕದು ಮೊದಲೋ

ಸಾಲ ತೀರಿಸುವುದಕ್ಕೆ ಎರಡು ದಾರಿ ಹೇಳುತ್ತಾರೆ. ಬಡ್ಡಿ ಜಾಸ್ತಿ ಇರುವುದನ್ನು, ಅಂದರೆ ಬಿಸಿ ಸಾಲವನ್ನು, ಮೊದಲು ತೀರಿಸುವುದು ಒಂದು. ಮೊತ್ತ ಚಿಕ್ಕದಿರುವುದನ್ನು ಮೊದಲು ಮುಗಿಸಿ, ಒಂದು ಗೆರೆ ಹೊಡೆದ ಸಮಾಧಾನದಲ್ಲಿ ಮುಂದಿನದಕ್ಕೆ ಹೋಗುವುದು ಇನ್ನೊಂದು. ಲೆಕ್ಕ ಮೊದಲನೆಯ ದಾರಿಯ ಕಡೆಗೇ ಇದೆ. ನಾನೂ ಅದೇ ಕಡೆ.

ಆದರೆ ಹಳ್ಳಿ ಮನೆಗೆ ಮೂರನೆಯದೊಂದು ಲೆಕ್ಕ ಇದೆ. ಕಂತು ಯಾವ ದಿನ ಬರುತ್ತದೆ, ನಮ್ಮ ದುಡ್ಡು ಯಾವ ದಿನ ಬರುತ್ತದೆ? ಸಂಬಳ ಏಳನೇ ತಾರೀಕು. ಡೈರಿ ಬಟವಾಡೆ ಹದಿನೈದು ದಿನಕ್ಕೊಮ್ಮೆ. ಗೃಹಲಕ್ಷ್ಮಿಯ ಎರಡು ಸಾವಿರ ಬಂದಾಗ ಬಂತು. ಸಂಘದ ಕಂತು ಮಾತ್ರ ಪ್ರತಿ ಮಂಗಳವಾರ ಬೆಳಗ್ಗೆ. ಬಟವಾಡೆ ಇಲ್ಲದ ವಾರ ಆ 896ಕ್ಕೆ ಓಡಾಡಿ, ಪಕ್ಕದ ಮನೆಯಲ್ಲಿ ಕೈಬದಲು ತಂದು, ಅದನ್ನು ತೀರಿಸೋಕೆ ಹಾಲಿನ ದುಡ್ಡು ಹೋಗಿ, ಹಿಂಡಿ ಬೂಸಾ ತರೋಕೆ ಅಂಗಡಿಯಲ್ಲಿ ಸಾಲ ಬರೆಸಿ... ವರ್ಷಕ್ಕೆ 24 ಅನ್ನುವ ಸಾಲದಿಂದ ಇನ್ನೆರಡು ಸಾಲ ಹುಟ್ಟಿದರೆ ಅದು ಬರೀ 24 ಅಲ್ಲ. ನಾವು ಕಟ್ಟದಿದ್ದರೆ ಗುಂಪಿನ ಉಳಿದ ಹೆಂಗಸರು ಎದ್ದು ಹೋಗುವಂತಿಲ್ಲ, ಅದೊಂದು ಬೇರೆ ನಾಚಿಕೆ.

ಅದಕ್ಕೆ ನಾನು ಹೇಳುವುದಿಷ್ಟು. ಬಿಸಿ ಸಾಲವನ್ನೇ ಮೊದಲು ತೀರಿಸಿ. ಆದರೆ ವಾರದ ಕಂತಿನಿಂದ ಹೊಸ ಸಾಲ ಹುಟ್ಟುತ್ತಿದ್ದರೆ ಆ ವಾರದ್ದನ್ನೇ ಮೊದಲು ಮುಗಿಸಿ. ಮೈಕ್ರೋಫೈನಾನ್ಸ್ ಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ. ಇದು 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮ. ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು ಅಂತಲೂ ಅದೇ ನಿಯಮ ಹೇಳುತ್ತದೆ. ಅರ್ಜಿಯಲ್ಲಿ ಆದಾಯ ಎಷ್ಟು ಅಂತ ಬರೆದಿದ್ದಾರೆ ಅನ್ನೋದನ್ನು ಒಮ್ಮೆ ಇಣುಕಿ ನೋಡಿ. ನನ್ನ ಅರ್ಜಿಯಲ್ಲಿ ನಮ್ಮ ಹಸುಗಳು ಎರಡರಿಂದ ನಾಲ್ಕಾಗಿದ್ದವು.

ನಮ್ಮ ವಿಷಯದಲ್ಲಿ 20 ವಾರ ಮಾತ್ರ ಉಳಿದಿತ್ತು. ಅಷ್ಟರಲ್ಲಿ ಹೋಗುವ ಬಡ್ಡಿ ಎಂಟುನೂರು ಚಿಲ್ಲರೆ. ಅದನ್ನು ಉಳಿಸೋಕೆ ಹದಿನೇಳು ಸಾವಿರ ಒಟ್ಟಿಗೆ ಹೊಂದಿಸುವುದು ಬೇಡ ಅಂತ ಹಾಗೇ ಕಟ್ಟಿ ಮುಗಿಸಿದೆ. ಕಷ್ಟ ಬಂದದ್ದು ಕೊನೆಯ ವಾರ. "ಅಕ್ಕ, ನಿಮ್ಮ ರೆಕಾರ್ಡ್ ಚೆನ್ನಾಗಿದೆ, ಈ ಸಲ ಅರವತ್ತು ಕೊಡ್ತೀವಿ" ಅಂದರು. ಬೇಡ ಅನ್ನೋಕೆ ನಾಲಿಗೆ ಏಳಲಿಲ್ಲ. ಯೋಚನೆ ಮಾಡಿ ಹೇಳ್ತೀನಿ ಅಂತ ಎದ್ದು ಬಂದೆ, ಮುಂದಿನ ಮಂಗಳವಾರ ಹೋಗಲೇ ಇಲ್ಲ.

ವಸೂಲಿಗೆ ಬರುವವರ ಬಗ್ಗೆ ಒಂದು ಮಾತು. ಮೈಕ್ರೋಫೈನಾನ್ಸ್ ಸಾಲಕ್ಕೆ ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡಿ ಕಾಡುವಂತಿಲ್ಲ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಕಾನೂನು ತಂದಿದೆ. ಅದರಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಮನೆ ಮುಂದೆ ನಿಂತು ಕೂಗಾಡಿದರೆ ಪೊಲೀಸ್ ಠಾಣೆಗೆ ದೂರು ಕೊಡಬಹುದು. ಹಾಗಂತ ಕಾನೂನು ಬಂದದ್ದರಿಂದ ಎಲ್ಲರ ಸಾಲವೂ ಮನ್ನಾ ಆಯಿತು ಅಂತ ಊರಲ್ಲಿ ಹಬ್ಬಿದ ಮಾತು ನಂಬಬೇಡಿ.

ಬಿಸಿ ಸಾಲವನ್ನು ಒಡವೆಗೆ ದಾಟಿಸುವುದು

ಕೈಸಾಲ 50,000, ಕಾರ್ಡು 18,000. ಎರಡೂ ಸೇರಿ 68,000ಕ್ಕೆ ತಿಂಗಳಿಗೆ ಬಡ್ಡಿಯೇ 2,243 ಹೋಗುತ್ತಿತ್ತು. ಅದೇ ಮೊತ್ತವನ್ನು ಹತ್ತು ಪರ್ಸೆಂಟಿಗೆ ಒಡವೆ ಇಟ್ಟು ತಂದರೆ ತಿಂಗಳಿಗೆ 567. ನನ್ನ ಇನ್ನೊಂದು ಜೊತೆ ಬಳೆ ಬೀರುವಿನಲ್ಲಿತ್ತು. ವರ್ಷಕ್ಕೆರಡು ಮದುವೆಗೆ ಹಾಕುವ ಬಳೆಗೋಸ್ಕರ ತಿಂಗಳಿಗೆ 1,676 ರೂಪಾಯಿ ಬಾಡಿಗೆ ಕೊಟ್ಟ ಹಾಗಾಗುತ್ತಿತ್ತು. ಇಟ್ಟೆ. ಅಮ್ಮನ ಮನೆಯಲ್ಲಿ ಗೊತ್ತಾಗಿ ಮುಖ ಊದಿಸಿಕೊಂಡರು. ಚಿನ್ನದ ಗಣಿ ಇದ್ದ ಜಿಲ್ಲೆ ನಮ್ಮದು. 2001ರಲ್ಲಿ ಕೆಜಿಎಫ್ ಗಣಿ ಮುಚ್ಚಿತು. ಈಗ ಚಿನ್ನ ಅಂದರೆ ಬೋರ್ಡು ಹಾಕಿಕೊಂಡ ಗಿರವಿ ಅಂಗಡಿಗಳು, ಅಷ್ಟೇ.

ಎಲ್ಲಿ ಇಡುವುದು ಅನ್ನೋದರಲ್ಲೂ ಬಹಳ ವ್ಯತ್ಯಾಸ ಇದೆ. ಬ್ಯಾಂಕಿನಲ್ಲಿ ಅರ್ಧ ದಿನ ಕೂರಬೇಕು, ಚಿನ್ನ ಪರೀಕ್ಷೆ ಮಾಡುವ ಅಪ್ರೈಸರ್ ಬರುವವರೆಗೆ ಕಾಯಬೇಕು. ಖಾಸಗಿ ಚಿನ್ನದ ಸಾಲದ ಕಂಪನಿಯಲ್ಲಿ ಅರ್ಧ ಗಂಟೆಯಲ್ಲಿ ದುಡ್ಡು. ಆದರೆ ಅಲ್ಲಿ ಹೇಳುವ ಕಡಿಮೆ ದರ ಪ್ರತಿ ತಿಂಗಳು ಬಡ್ಡಿ ಕಟ್ಟಿದರೆ ಮಾತ್ರ ಎಂಬ ಷರತ್ತು ಇರಬಹುದು. ಎರಡು ತಿಂಗಳು ತಪ್ಪಿದರೆ ದರ ಮೇಲೆ ಹತ್ತುವ ಸ್ಕೀಮುಗಳಿವೆ. ಗಿರವಿ ಅಂಗಡಿ ಮೂರನೆಯದು, ಹತ್ತು ದಿನದ ತುರ್ತಿಗೆ ಬಿಟ್ಟರೆ ನಾನು ಅತ್ತ ಹೋಗುವುದಿಲ್ಲ.

2026ರ ಏಪ್ರಿಲ್ 1ರಿಂದ ಅನ್ವಯವಾಗುವ ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಚಿನ್ನದ ಬೆಲೆಯ 85 ಪರ್ಸೆಂಟ್‌ವರೆಗೆ ಕೊಡಬಹುದು. ಮೊದಲು 75 ಇತ್ತು. ಕೊಡುತ್ತಾರೆ ಅಂತ ಅಷ್ಟೂ ತೆಗೆದುಕೊಂಡರೆ ಬಿಡಿಸುವ ದಿನ ಅಷ್ಟೇ ಭಾರ. ಅದೇ ನಿಯಮದಲ್ಲಿ ನಮಗೆ ಒಳ್ಳೆಯದೂ ಒಂದಿದೆ. ಸಾಲ ಪೂರ್ತಿ ತೀರಿಸಿದ ಮೇಲೆ ಒಡವೆಯನ್ನು ಅದೇ ದಿನ, ತಡ ಅಂದರೆ 7 ಕೆಲಸದ ದಿನದೊಳಗೆ ಕೊಡಬೇಕು. ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ.

ಈ ದಾರಿ ಯಾರಿಗೆ ಬೇಡ ಅಂತಲೂ ಹೇಳಿಬಿಡುತ್ತೇನೆ. ಉಳಿದ 1,676ನ್ನು ಪ್ರತಿ ತಿಂಗಳು ಒಡವೆ ಸಾಲದ ಅಸಲಿಗೆ ಕಟ್ಟುವ ಶಿಸ್ತು ಇಲ್ಲದಿದ್ದರೆ ಬೇಡ. ಕಾರ್ಡನ್ನು ತೀರಿಸಿ ಮತ್ತೆ ಉಜ್ಜುವವರಿದ್ದರೆ ಬೇಡವೇ ಬೇಡ. ಒಡವೆಯೂ ಹೋಗಿ, ಕಾರ್ಡೂ ತುಂಬಿ ಕೂರುತ್ತದೆ. ನಾವು ತೀರಿಸಿದ ದಿನವೇ ಕಾರ್ಡನ್ನು ಕ್ಲೋಸ್ ಮಾಡಿಸಿದೆವು. ಕತ್ತರಿಸಿ ಬಿಸಾಡಿದರೆ ಸಾಲದು, ಬ್ಯಾಂಕಿಗೆ ಹೇಳಿ ಕ್ಲೋಸ್ ಮಾಡಿಸಿದ ಪತ್ರ ತಗೊಳ್ಳಿ.

ಪರ್ಸನಲ್ ಲೋನ್ ಕೇಳೋಣ ಅಂತಲೂ ಹೋಗಿದ್ದೆವು. ಕಾಂಟ್ರಾಕ್ಟ್ ಕೆಲಸ ಅಂದ ಕೂಡಲೇ ಮಾತು ನಿಂತಿತು. ಪರ್ಮನೆಂಟ್ ಇದ್ದು ಸಂಬಳ ಖಾತೆಗೆ ಬರುವವರು ಕೇಳಿ ನೋಡಬಹುದು. ಒಡವೆ ಸಾಲಕ್ಕಿಂತ ದರ ಸ್ವಲ್ಪ ಜಾಸ್ತಿ, ಆದರೆ ಹರಾಜಿನ ಭಯ ಇಲ್ಲ.

ಸಾಲ ಇರುವಾಗ ಉಳಿತಾಯ ಮಾಡಬೇಕಾ?

ಹತ್ತು ಪರ್ಸೆಂಟಿಗೆ ಸಾಲ ಇಟ್ಟುಕೊಂಡು ಆರೂಮುಕ್ಕಾಲಿಗೆ ಉಳಿತಾಯ ಮಾಡುವುದು ದಡ್ಡತನ ಅಂತ ಲೆಕ್ಕ ಬಲ್ಲವರು ಹೇಳುತ್ತಾರೆ. ಒಪ್ಪುತ್ತೇನೆ, ಹತ್ತು ಸಾವಿರದವರೆಗೆ ಮಾತ್ರ ಒಪ್ಪುವುದಿಲ್ಲ. ಹಸುವಿಗೆ ಕೆಚ್ಚಲು ಬಾವು ಬಂದರೆ ಹಾಲೂ ನಿಲ್ಲುತ್ತದೆ, ಡಾಕ್ಟರ ಖರ್ಚೂ ಬರುತ್ತದೆ. ಆ ವಾರ ಕೈಯಲ್ಲಿ ದುಡ್ಡಿಲ್ಲದಿದ್ದರೆ ಮತ್ತೆ ಅದೇ ಮೂರು ರೂಪಾಯಿ ಬಡ್ಡಿಯವರ ಮನೆ ಬಾಗಿಲು. ಅದಕ್ಕೆ ಮೊದಲು ಹತ್ತು ಸಾವಿರ ಖಾತೆಯಲ್ಲಿ ನಿಲ್ಲಿಸಿದೆ. ಸಂಬಳ ಬರುವ ಖಾತೆಯಲ್ಲಿ ಅಲ್ಲ, ಫೋನ್‌ಪೇಗೆ ಜೋಡಿಸದ ಬೇರೆ ಖಾತೆಯಲ್ಲಿ. ಆಮೇಲೆ ಉಳಿದದ್ದೆಲ್ಲ ಸಾಲಕ್ಕೆ.

ಟೊಮೆಟೊ ದುಡ್ಡನ್ನು ತಿಂಗಳ ಬಜೆಟ್ಟಿಗೆ ಸೇರಿಸುವುದನ್ನೇ ಬಿಟ್ಟೆವು. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸು ಎರಡು ಸಾವಿರ ದಾಟಿತ್ತು. ಕೀಳುವ ಕೂಲಿಯೂ ಹುಟ್ಟದೆ ತೋಟದಲ್ಲೇ ಬಿಟ್ಟ ವರ್ಷಗಳೂ ಇವೆ. ಬಂದರೆ ಅದು ನೇರ ಅಸಲಿಗೆ.

ಚೀಟಿಯೋ, ಆರ್‌ಡಿಯೋ

ನಮ್ಮ ಕಡೆ ಉಳಿತಾಯ ಅಂದರೆ ಚೀಟಿ. ಚೀಟಿ ಕಟ್ಟಿದರೆ ದುಡ್ಡು ಸೇರುತ್ತದೆ, ಬೇಕಾದಾಗ ಕೂಗಿ ಎತ್ತಬಹುದು, ಎರಡೂ ನಿಜ. ಇದನ್ನೂ ಅದೇ ಅಳತೆಗೆ ತಂದು ನೋಡಿದೆ.

ಇಪ್ಪತ್ತು ಜನ, ತಿಂಗಳಿಗೆ 5,000, ಒಂದು ಲಕ್ಷದ ಚೀಟಿ. ನಡೆಸುವವರ ಕಮಿಷನ್ 5,000. ಸರಾಸರಿ ಕೂಗು (ಚೀಟಿ ಎತ್ತುವವರು ಬಿಟ್ಟುಕೊಡುವ ಮೊತ್ತ) ಹದಿನೈದು ಸಾವಿರಕ್ಕೆ ನಿಂತರೆ ಕಮಿಷನ್ ಹೋಗಿ ಹತ್ತು ಸಾವಿರ ಎಲ್ಲರಿಗೂ ಹಂಚಿಕೆ. ತಲೆಗೆ 500 ಬಿಟ್ಟು ಒಬ್ಬೊಬ್ಬರು ತಿಂಗಳಿಗೆ 4,500 ಕಟ್ಟುತ್ತಾರೆ. ಇಪ್ಪತ್ತು ತಿಂಗಳಿಗೆ 90,000.

ಮೂರನೇ ತಿಂಗಳು ತುರ್ತು ಬಂದು 25,000 ಬಿಟ್ಟು ಕೂಗಿದವರಿಗೆ ಕೈಗೆ ಸಿಗುವುದು 75,000. ಅದರಲ್ಲಿ ಅವರೇ ಆಗಲೇ ಕಟ್ಟಿದ್ದು 13,500. ಹಾಗಾದರೆ ನಿಜವಾದ ಸಾಲ 61,500. ಅದಕ್ಕೆ 17 ತಿಂಗಳಲ್ಲಿ 76,500 ಕಟ್ಟುತ್ತಾರೆ. ಅರ್ಧದ ಉಪಾಯ ಹಾಕಿದರೆ ವರ್ಷಕ್ಕೆ ನೂರಕ್ಕೆ 34ರ ಹತ್ತಿರ. ಸಾಲ ಮಾಡದೆ ಚೀಟಿ ಎತ್ತಿದೆವು ಅಂತ ಹೆಮ್ಮೆಯಿಂದ ಹೇಳಿಕೊಳ್ಳುವುದು ಈ ಕೈಸಾಲದ ದರಕ್ಕೇ. ಕೊನೆಯವರೆಗೂ ಕಾದವರಿಗೆ 95,000 ಸಿಗುತ್ತದೆ. ಕಟ್ಟಿದ್ದು 90,000. ಅದು ವರ್ಷಕ್ಕೆ ಆರೂವರೆ, ಏಳರ ಆಸುಪಾಸು. ಪೋಸ್ಟಾಫೀಸಿನ ಐದು ವರ್ಷದ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) 6.7 ಕೊಡುತ್ತದೆ. ಅಲ್ಲಿ ಓಡಿಹೋಗುವವರು ಯಾರೂ ಇಲ್ಲ.

ಓಡಿಹೋದವರನ್ನು ನಾವು ಕಂಡಿದ್ದೇವೆ. ನಮ್ಮ ಬೀದಿಯಲ್ಲೇ ಹದಿನಾಲ್ಕು ತಿಂಗಳು ನಡೆದ ಚೀಟಿ ಒಂದು ದಿನ ನಿಂತಿತು. ನಮ್ಮದು ಎರಡು ಕೈ, ಅಂದರೆ ಎರಡು ಪಾಲು, ಇತ್ತು. ಹಾಳೆಯಲ್ಲಿ ಬರೆದುಕೊಂಡ ಲೆಕ್ಕ ಬಿಟ್ಟರೆ ರಸೀದಿ ಇಲ್ಲ. ಚೀಟಿ ಕಟ್ಟಲೇಬೇಕು ಅಂದರೆ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿ ಆಗಿದೆಯಾ ಕೇಳಿ. ಕಮಿಷನ್ ಏಳು ಪರ್ಸೆಂಟ್ ದಾಟುವಂತಿಲ್ಲ. ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ.

ಆರ್‌ಡಿಗೂ ಒಂದು ತೊಂದರೆ ಇದೆ. ಪೋಸ್ಟಾಫೀಸಿನದ್ದನ್ನು ಮೂರು ವರ್ಷ ಆಗುವವರೆಗೆ ಮುರಿಯೋಕೆ ಆಗುವುದಿಲ್ಲ. ಹನ್ನೆರಡು ಕಂತು ಕಟ್ಟಿದ ಮೇಲೆ ಕಟ್ಟಿದ್ದರ ಅರ್ಧದವರೆಗೆ ಸಾಲ ಸಿಗುತ್ತದೆ. ಮಗಳ ಕಾಲೇಜು ಫೀಸಿನಂಥ ದೂರದ ಖರ್ಚಿಗೆ ಅದು ಸರಿ. ಮುಂದಿನ ಜೂನಿನ ಸ್ಕೂಲ್ ಫೀಸಿಗೆ ಬ್ಯಾಂಕಿನ ಹನ್ನೆರಡು ತಿಂಗಳ ಆರ್‌ಡಿ ಸಾಕು.

ಇವೆರಡಕ್ಕಿಂತ ನನಗೆ ಇಷ್ಟವಾದದ್ದು ನಮ್ಮ ಸ್ತ್ರೀಶಕ್ತಿ ಸಂಘ. ವಾರದ ಸಂಘಕ್ಕೂ ಇದಕ್ಕೂ ಸಂಘ ಅನ್ನುವ ಹೆಸರೊಂದೇ ಸಮ. ಇಲ್ಲಿ ವಾರಕ್ಕೆ ನೂರು ಉಳಿತಾಯ. ಸಾಲ ಬೇಕಾದರೆ ಉಳಿಕೆ ಮೊತ್ತದ ಮೇಲೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ, ಆ ಬಡ್ಡಿಯೂ ನಮ್ಮ ಸಂಘಕ್ಕೇ ವಾಪಸ್. ಮೊತ್ತ ಚಿಕ್ಕದು, ಸರದಿಗೆ ಕಾಯಬೇಕು, ಪುಸ್ತಕ ಬರೆಯುವವರು ಸರಿಯಿರಬೇಕು. ನಮ್ಮಲ್ಲಿ ಪುಸ್ತಕ ಬರೆಯುವವಳು ನಾನೇ, ಅದಕ್ಕೆ ಹೊಗಳುತ್ತಿದ್ದೇನೆ ಅಂತ ಅಂದುಕೊಂಡರೂ ಸರಿ.

ಸೊಸೈಟಿ ಸಾಲದ ಗಡುವು

ಬಡ್ಡಿ ಇಲ್ಲದ ಸಾಲ ಅಂತ ಇದನ್ನು ಎಲ್ಲರೂ ಕೊನೆಗೆ ತಳ್ಳುತ್ತಾರೆ. ತಳ್ಳಬಹುದು, ಗಡುವಿನವರೆಗೆ ಮಾತ್ರ. ಒಂದು ದಿನ ತಪ್ಪಿದರೂ ಸೊನ್ನೆಯ ಲಾಭ ಹೋಗಿ ಬಡ್ಡಿ ಬೀಳುತ್ತದೆ. ಅದಕ್ಕೆ ಬಹಳ ಜನ ಮಾಡುವುದು ಹೀಗೆ: ಗಡುವಿನ ಹಿಂದಿನ ದಿನ ಕೈಸಾಲ ತಂದು ಕಟ್ಟಿ, ಹೊಸ ಸಾಲ ಬಂದ ಕೂಡಲೇ ಅದನ್ನು ತೀರಿಸುವುದು. ಲಕ್ಷಕ್ಕೆ ಮೂರು ರೂಪಾಯಿಯಂತೆ ಹತ್ತು ದಿನಕ್ಕೆ ಸಾವಿರ ರೂಪಾಯಿ ಅನ್ನೋದು ನಮ್ಮ ಲೆಕ್ಕ. ಕೊಡುವವರ ಲೆಕ್ಕದಲ್ಲಿ ಹತ್ತು ದಿನವಾದರೂ ತಿಂಗಳ ಬಡ್ಡಿಯೇ, ಮೂರು ಸಾವಿರ. ಅದರ ಬದಲು ಒಡವೆ ಇಟ್ಟು ತಂದರೆ ತಿಂಗಳಿಗೆ ಎಂಟುನೂರು ಚಿಲ್ಲರೆ. ನಾವು ಈಗ ಹಾಗೇ ಮಾಡುತ್ತಿದ್ದೇವೆ. ಯಾವ ದಾರಿ ಹಿಡಿದರೂ ಹೊಸ ಸಾಲ ಖಾತೆಗೆ ಯಾವ ತಾರೀಕು ಬೀಳುತ್ತದೆ ಅಂತ ಸೆಕ್ರೆಟರಿಯವರನ್ನು ಮೊದಲೇ ಕೇಳಿಕೊಳ್ಳಿ. ಅವರು ಹೇಳಿದ್ದಕ್ಕೆ ಹದಿನೈದು ದಿನ ಸೇರಿಸಿಕೊಳ್ಳಿ. ಕಳೆದ ಸಲ ನಮಗೆ ಹತ್ತು ದಿನ ಅಂದಿದ್ದರು, ದುಡ್ಡು ಬಂದದ್ದು ಇಪ್ಪತ್ತಾರನೇ ದಿನ.